ದೊಡ್ಡ ಟೀಚರ್, ಅವರ ಸಿಟ್ಟು

ಶಾಲೆಯ ನೆನಪಿನ ಸಂಚಿಕೆ ತರುತ್ತಾರಂತೆ. ಪತ್ರ ಬಂದಿದೆ. 'ಈಚೆಗೆ ತೀರಿಕೊಂಡ ನಮ್ಮ ಹಳೆಯ ಹೆಡ್‌ಮಿಸ್ಟ್ರೆಸ್ ಬಗ್ಗೆ ತಮ್ಮ ಸವಿನೆನಪುಗಳನ್ನು ಒಂದು ಪುಟಕ್ಕೆ ಮೀರದಂತೆ ತಮಿಳಿನಲ್ಲಿ ಬರೆದು ಕಳಿಸಬೇಕು.' ಕೆಳಗೆ ಐದು ಜನರ ಸಹಿ. ಅದರಲ್ಲಿ ಮೂರು ಸಹಿಗಳ ಗುರುತು ನನಗೆ ಚೆನ್ನಾಗಿದೆ. ಹದಿನಾಲ್ಕು ವರ್ಷದ ಹಿಂದೆ ಅದೇ ಮೂವರು ಇನ್ನೊಂದು ಕಾಗದದ ಕೆಳಗೂ ಸಹಿ ಹಾಕಿದ್ದರು. ಆ ಕಾಗದ ಇದೇ ಹೆಡ್‌ಮಿಸ್ಟ್ರೆಸ್ಸನ್ನು ನೀಲಗಿರಿಯ ಕೆತ್ತಿಯಿಂದ ಎತ್ತಿ ಚೇರಂಬಾಡಿಗೆ ಎಸೆಯಿತು.

ಸವಿನೆನಪು ನನ್ನಲ್ಲಿಲ್ಲ. ಇರುವ ನೆನಪು ಒಂದು ಪುಟದಲ್ಲಿ ಹಿಡಿಸುವುದಿಲ್ಲ. ತಮಿಳಿನಲ್ಲೂ ಆಗುವುದಿಲ್ಲ. ನಾನು ಓದಿದ್ದು, ಪಾಠ ಹೇಳುವುದು ಎಲ್ಲ ತಮಿಳಿನಲ್ಲೇ. ಆದರೆ ನಮ್ಮಪ್ಪ ಗುಂಡ್ಲುಪೇಟೆ ಕಡೆಯಿಂದ ಲಾರಿ ಓಡಿಸಲು ಊಟಿಗೆ ಬಂದವರು. ಸಿಟ್ಟು ನೆತ್ತಿಗೇರಿದರೆ ನನ್ನ ಬಾಯಿಗೆ ಬರುವುದು ಕನ್ನಡವೇ. ಆದ್ದರಿಂದ ಇದು ಆ ಸಂಚಿಕೆಗೆ ಅಲ್ಲ. ಅವರ ಹೆಸರನ್ನು ಬರೆಯುವುದಿಲ್ಲ. ಬರೆದರೆ ಆ ಮೂವರ ಹೆಸರನ್ನೂ ಬರೆಯದೆ ಬಿಡಲು ನನ್ನಿಂದಾಗದು. ಹಟ್ಟಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದೂ ಇಲ್ಲ. ಅವರು ದೊಡ್ಡ ಟೀಚರ್. ನಾನು ಚಿಕ್ಕ ಟೀಚರ್.

"ಒಳ್ಳೆಯ ಹೆಂಗಸು, ಆ ಸಿಟ್ಟೊಂದು ಇಲ್ಲದಿದ್ದರೆ" ಎಂದು ಈಗ ಎಲ್ಲರೂ ಹೇಳುತ್ತಿದ್ದಾರೆ. ಆ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಆ ಸಿಟ್ಟೊಂದು ಇಲ್ಲದೆ ಒಳ್ಳೆಯವರಾಗಿದ್ದವರನ್ನೂ ನಾನು ನೋಡಿದ್ದೇನೆ. ನಾನೇ ಅಂಥವಳೊಬ್ಬಳಾಗಿದ್ದೆ.

ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತು ವರ್ಷ. ಜೂನ್ ತಿಂಗಳು, ಜಿಟಿಜಿಟಿ ಮಳೆ, ಮೈಗೆ ಅಂಟುವ ಮಂಜು. ಕೆತ್ತಿ ಸ್ಟೇಷನ್ನಿನಲ್ಲಿ ರೈಲಿಳಿದು, ಕೋಸು, ಮುಳ್ಳಂಗಿಯ ಪಾತಿಗಳ ನಡುವೆ ಏರಿ, ಹಟ್ಟಿ ತಲುಪುವಷ್ಟರಲ್ಲಿ ಸೀರೆಯ ಅಂಚು ಕೆಸರಾಗಿತ್ತು. ತಗಡಿನ ಮಾಡಿನ ಎರಡು ಕೋಣೆಯ ಶಾಲೆ. ಬಾಗಿಲಲ್ಲಿ ಗಂಡಸರ ಉಣ್ಣೆ ಕೋಟು ತೊಟ್ಟ, ನಲವತ್ತೈದರ ಆಸುಪಾಸಿನ ಹೆಂಗಸು. ಕೋಟಿನ ಜೇಬೆಲ್ಲ ಸೀಮೆಸುಣ್ಣದ ಪುಡಿ.

"ಹೊಡೀತೀಯಾ?" ಎಂದರು. ನನ್ನ ಹೆಸರು ಕೇಳುವ ಮೊದಲೇ ಕೇಳಿದ ಪ್ರಶ್ನೆ ಅದು.

"ಇಲ್ಲ ಟೀಚರ್."

"ಸುಳ್ಳು. ಟ್ರೈನಿಂಗಲ್ಲಿ ಹೇಳಿಕೊಟ್ಟಿರ್ತಾರೆ. ಇಲ್ಲಿ ಬೆತ್ತ ಇಲ್ಲ. ನಾ ಬಂದ ದಿನ ಒಂದಿತ್ತು. ಒಲೆಗೆ ಹಾಕಿದೆ. ಒಂದು ಲೋಟ ಕಾಫಿ ಕಾಯ್ತು. ಅದರಿಂದ ಆದ ಉಪಕಾರ ಅಷ್ಟೇ."

ಅವರ ಸಿಟ್ಟಿನ ಕಥೆಗಳು ಕಣಿವೆಯಲ್ಲೆಲ್ಲ ಓಡಾಡುತ್ತಿದ್ದವು. ಊರಿನ ದೊಡ್ಡ ಮನುಷ್ಯರೊಬ್ಬರು ತಮ್ಮ ಮನೆಯ ಸೌದೆಯನ್ನು ಎರಡನೇ ಕೋಣೆಯಲ್ಲಿ ಒಟ್ಟಿಸಿದ್ದರಂತೆ. ಇವರು ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿ ಆ ಮನುಷ್ಯರ ಮನೆಯ ಜಗಲಿಯಲ್ಲೇ ಮೂರನೇ ಕ್ಲಾಸು ನಡೆಸಿದರು. "ನಿಮ್ಮ ಸೌದೆ ನನ್ನ ಕ್ಲಾಸಲ್ಲಿ ಓದಲಿ, ನನ್ನ ಮಕ್ಕಳು ನಿಮ್ಮ ಮನೇಲಿ ಓದಲಿ." ಮೂರನೇ ದಿನಕ್ಕೆ ಸೌದೆ ಹೋಯಿತು. ಇನ್ನೊಬ್ಬ ತಂದೆ, ಎಲೆ ಕೀಳಲು ಕೈ ಬೇಕು ಎಂದು ಮಗಳನ್ನು ಶಾಲೆ ಬಿಡಿಸಿದ. ಇವರು ಅವನ ಟೀ ತೋಟಕ್ಕೇ ಹೋಗಿ, ಗಿಡದ ಸಾಲಿನ ನಡುವೆ ನಿಂತು, ಎಲೆ ಕೀಳುವ ಹುಡುಗಿಗೆ ಮಗ್ಗಿ ಹೇಳಿಕೊಡತೊಡಗಿದರು. ಆಚೆ ಗುಡ್ಡದವರೆಗೆ ಕೇಳುವಂಥ ಗಂಟಲು. ನಾಚಿಕೆ ತಾಳದೆ ಅವನು ಮಗಳನ್ನು ಮತ್ತೆ ಕಳಿಸಿದ.

ಸ್ವಂತದ ವಿಷಯ ಕೇಳಿದರೆ "ಕೆಲಸ ಇಲ್ಲವಾ ನಿನಗೆ?" ಎನ್ನುವರು. ಹುಬ್ಬತಲೈ ಕಡೆಯವರು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು, ಆ ಕೋಟು ಅವನದೇ ಎನ್ನುವಷ್ಟು ಮಾತ್ರ ನನಗೆ ತಿಳಿದದ್ದು. ಆದರೆ ಒಂದನ್ನು ಮೊದಲ ತಿಂಗಳಲ್ಲೇ ಗಮನಿಸಿದೆ. ಅವರ ಸಿಟ್ಟು ತಮಗಿಂತ ಚಿಕ್ಕವರ ಮೇಲೆ ತಿರುಗಿದ್ದನ್ನು ನಾನು ಕಾಣಲಿಲ್ಲ. ಚಡ್ಡಿ ಒದ್ದೆ ಮಾಡಿಕೊಂಡ ಒಂದನೇ ಕ್ಲಾಸಿನ ಮಗುವನ್ನು ತಾವೇ ತೊಳೆದು, ಕೋಟಿನಲ್ಲಿ ಸುತ್ತಿ ಕೂರಿಸುತ್ತಿದ್ದರು.

ಮಾದಿ ಬಂದದ್ದು ಆ ವರ್ಷವೇ. ಏಳು ವರ್ಷದ ಹುಡುಗಿ. ಕರೆತಂದದ್ದು ಅವಳ ಅಜ್ಜಿ. ಆ ಹಟ್ಟಿಯವರು ಬಡಗರು, ಅವರಲ್ಲಿ ಅಜ್ಜಿಗೆ ಹೆತ್ತೆ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯುತ್ತಿದ್ದೆವು. ತಾಯಿ ಹೆರಿಗೆಯಲ್ಲಿ ಹೋಗಿದ್ದಳು. ತಂದೆ ದೂರದ ಎಸ್ಟೇಟಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ, ತಿಂಗಳಿಗೊಮ್ಮೆ ಬರುವವನು. ಮನೆಯ ಯಜಮಾನಿಕೆ ಅವನ ಅಣ್ಣನದು, ಎಂದರೆ ಮಾದಿಯ ದೊಡ್ಡಪ್ಪನದು.

"ಎನ್ನ ಮೊಮ್ಮಗಳು," ಎಂದಳು ಹೆತ್ತೆ. ಅವರ ಬಡಗ ಮಾತನ್ನು ನನ್ನ ಕನ್ನಡದ ಕಿವಿಗೆ ಬಿದ್ದಂತೆ ಬರೆಯುತ್ತಿದ್ದೇನೆ. "ಕಿವುಡಿ ಅಲ್ಲ, ಮೂಗಿ ಅಲ್ಲ. ಪೈತ್ಯವೂ ಇಲ್ಲೆ. ಬೇರೆ ತರ, ಅಷ್ಟೇ. ಬೇಡಾಂದರೆ ಈಗಲೇ ಹೇಳು, ಗುಡ್ಡ ಇಳಿದು ಹೋಗುವೆ."

"ನಿನ್ನ ಹೆಸರೇನಮ್ಮ?" ಎಂದು ನಾನು ಮಾದಿಯನ್ನು ಬಗ್ಗಿ ಕೇಳಿದೆ.

"ನಿನ್ನ ಹೆಸರೇನಮ್ಮ," ಎಂದಳು ಮಾದಿ, ನನ್ನದೇ ರಾಗದಲ್ಲಿ, ಕಿಟಕಿಯ ಕಡೆ ನೋಡುತ್ತ.

ಮಕ್ಕಳು ಗೊಳ್ಳೆಂದರು. ಅಣಕಿಸುತ್ತಿದ್ದಾಳೆ ಎಂದೇ ನಾನೂ ಎಣಿಸಿದೆ. ಆಮೇಲೆ ಅವಳು ನನ್ನ ಬಳಿ ಬಂದು, ಸೆರಗಿನ ತುದಿ ಹಿಡಿದು, ಮೂಗಿಗೆ ಒತ್ತಿ, ಉದ್ದಕ್ಕೆ ಮೂಸಿ, ಸೆರಗನ್ನು ಕೈಬಿಟ್ಟು ನನಗೆ ಬೆನ್ನು ಹಾಕಿ ಕುಳಿತಳು. ಇಪ್ಪತ್ತು ವರ್ಷದ ಹೊಸ ಟೀಚರಿಗೆ ಅವಮಾನವಾಯಿತು.

ದೊಡ್ಡ ಟೀಚರ್ ಮಾತ್ರ ನೆಲದ ಮೇಲೆ, ಅವಳ ಪಕ್ಕಕ್ಕೆ, ಅವಳು ನೋಡುತ್ತಿದ್ದ ಕಿಟಕಿಯನ್ನೇ ನೋಡುತ್ತ ಕುಳಿತರು. ಎಷ್ಟು ಹೊತ್ತೋ. ಮಾದಿ ಇದ್ದಕ್ಕಿದ್ದಂತೆ ಎರಡೂ ಕಿವಿ ಮುಚ್ಚಿಕೊಂಡಳು. ಮಕ್ಕಳು ಮತ್ತೆ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನ ತಿರುವಿನಲ್ಲಿ ರೈಲಿನ ಸಿಳ್ಳೆ ನಮಗೆಲ್ಲ ಕೇಳಿಸಿತು.

"ನಗ್ತೀರಾ? ಅವಳಿಗೆ ಮೊದಲೇ ಕೇಳಿಸಿತ್ತು. ನಿಮ್ಮ ಕಿವಿ ಇನ್ನೂ ಸ್ಟೇಷನ್ನಲ್ಲೇ ಇದೆ," ಎಂದರು.

ಸಂಜೆ ನನ್ನನ್ನು ಕೇಳಿದರು: "ಆ ಹುಡುಗಿ ನಿನಗೆ ಏನು ಹೇಳಿದಳು?"

"ಏನೂ ಹೇಳಲಿಲ್ಲ ಟೀಚರ್. ಬೆನ್ನು ಹಾಕಿ ಕೂತಳು."

"ಬಂದಳು. ನೀನು ಯಾರು ಅಂತ ಮೂಸಿ ತಿಳಕೊಂಡಳು. ಹೆದರಿಕೆ ಇಲ್ಲ ಅಂತ ಗೊತ್ತಾದ ಮೇಲೆ ಬೆನ್ನು ಕೊಟ್ಟಳು. ಹೆದರಿಕೆ ಇರೋ ಕಡೆ ನೀನು ಬೆನ್ನು ತಿರುಗಿಸಿ ಕೂರ್ತೀಯಾ? ಇಷ್ಟು ಹೇಳಿದ್ದಾಳೆ, ಏನೂ ಹೇಳಲಿಲ್ಲ ಅಂತೀಯಲ್ಲ!"

ಒಂದು ನೋಟ್‌ಬುಕ್ ತೆಗೆದು ದಿನವೂ ಮಾದಿಯ ಬಗ್ಗೆ ಎರಡು ಸಾಲು ಬರೆಯತೊಡಗಿದರು. ಯಾರನ್ನು ಕಂಡರೆ ಏನು ಮಾಡುತ್ತಾಳೆ, ಯಾವ ಸದ್ದಿಗೆ ಮೇಜಿನ ಕೆಳಗೆ ಹೋಗುತ್ತಾಳೆ, ಕೇಳಿದ ಪ್ರಶ್ನೆಯನ್ನೇ ತಿರುಗಿ ಹೇಳಿದರೆ ಯಾವಾಗ ಹೌದು, ಯಾವಾಗ ಅಲ್ಲ. ಮಧ್ಯಾಹ್ನದ ಊಟದ ಗದ್ದಲ ಅವಳಿಗೆ ಆಗದೆಂದು ಬೇರೆಯವರಿಗಿಂತ ಮೊದಲೇ ತಟ್ಟೆ ಕೊಡಿಸಿದರು. ಹೆತ್ತೆಗೆ ಹಿಂದಿನ ಬೆಂಚಿನಲ್ಲಿ ಕೂರಲು ಅಪ್ಪಣೆ ಕೊಟ್ಟರು. ಆರು ತಿಂಗಳಲ್ಲಿ ಮಾದಿ ಸ್ಲೇಟಿನ ಮೇಲೆ ಅಕ್ಷರ ಬರೆದಳು, ಅದೂ ಬೇರೆಯವರ ಕಡೆ ಬೆನ್ನು ಹಾಕಿ. ಅವಳಿಗೆ ಇರುವುದಕ್ಕೆ ಆಟಿಸಂ ಎಂಬ ಇಂಗ್ಲಿಷ್ ಹೆಸರುಂಟೆಂದು ಈಚೆಗೆ ಕೂನೂರಿನ ಡಾಕ್ಟರೊಬ್ಬರು ನನಗೆ ಹೇಳಿದರು. ಆಗ ನಮ್ಮ ಬಳಿ ಹೆಸರಿರಲಿಲ್ಲ. ಒಬ್ಬ ಮುದುಕಿಯ 'ಬೇರೆ ತರ' ಎನ್ನುವ ಮಾತೊಂದಿತ್ತು, ದೊಡ್ಡ ಟೀಚರ್‌ಗೆ ಅಷ್ಟು ಸಾಕಾಗಿತ್ತು.

ಊರಿಗೆ ಸಾಕಾಗಲಿಲ್ಲ. ಕೊಬ್ಬು ಎಂದರು, ಗಾಳಿ ಎಂದರು, ತಾಯಿಯನ್ನು ತಿಂದವಳು ಎಂದರು. ನಮ್ಮ ಮನೆಯಲ್ಲೂ ಅಂದರು. ನಮ್ಮಮ್ಮ "ಆ ಮಗು ಮುಟ್ಟಿದ ಸೀರೆ ನೆನೆಹಾಕು" ಎಂದಳು, ನಾನು ನೆನೆಹಾಕಿದೆ. ಇದನ್ನು ಬರೆಯುವಾಗ ಕೈ ಹಿಂದೆ ಸರಿಯುತ್ತದೆ, ಆದರೂ ಬರೆಯುತ್ತೇನೆ.

ಒಂದು ಸೋಮವಾರ ಮಾದಿ ಬಂದಾಗ ಎರಡೂ ಮುಂಗೈಗಳ ಮೇಲೆ ಉದ್ದುದ್ದ ಬೊಬ್ಬೆ. ಮಂತ್ರ ಹಾಕುವವನೊಬ್ಬನನ್ನು ದೊಡ್ಡಪ್ಪ ಎಲ್ಲಿಂದಲೋ ಕರೆಸಿ ಬರೆ ಹಾಕಿಸಿದ್ದ. ಹೆತ್ತೆ ಅಡ್ಡ ಬಂದಳೆಂದು ಅವಳನ್ನು ಒಳಗೆ ಕೂಡಿ ಚಿಲಕ ಹಾಕಿದ್ದರಂತೆ.

ದೊಡ್ಡ ಟೀಚರ್ ಆ ಕೈಗಳಿಗೆ ಎಣ್ಣೆ ಹಚ್ಚಿದರು. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು ಹೊರಟರು. ನಾನೂ ಹಿಂದೆ ಓಡಿದೆ. ಹಟ್ಟಿಯ ಸಾಲುಮನೆಗಳ ಮುಂದಿನ ಅಂಗಳದಲ್ಲಿ ದೊಡ್ಡಪ್ಪ ನಾಲ್ಕು ಜನರೊಡನೆ ಬಿಸಿಲು ಕಾಯಿಸುತ್ತ ಕುಳಿತಿದ್ದ.

"ಎದ್ದೇಳು," ಎಂದರು.

ಅವನು ಎದ್ದ. ಐವತ್ತು ದಾಟಿದ ಗಂಡಸು, ಎದ್ದು ನಿಂತ!

"ನಿನ್ನ ಕೈ ಚಾಚು. ಬಿಸಿ ಕಬ್ಬಿಣ ನಾ ತರ್ತೀನಿ. ನಿನಗೂ ಬಾಯಲ್ಲಿ ಒಳ್ಳೆ ಮಾತು ಬರೋದಿಲ್ಲ, ಐವತ್ತು ವರ್ಷದಿಂದ ನೋಡ್ತಾ ಇದ್ದಾರೆ ಊರೋರು. ನಿನಗ್ಯಾಕೆ ಯಾರೂ ಬರೆ ಹಾಕಲಿಲ್ಲ?"

"ನಮ್ಮ ಮನೆ ಮಗು, ಟೀಚರಮ್ಮ. ಮುಂದೆ ಎನ್ನ ಮಗನಿಗೆ ಹೆಣ್ಣು ಕೊಡೋರು ಬರ್ತಾರೆ. ಇಂಥದ್ದು ಮನೇಲಿದೆ ಅಂದರೆ..."

"ಇಂಥದ್ದು ಅನ್ನಬೇಡ! ಮಾದಿ ಅನ್ನು!"

ಹಟ್ಟಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ದೊಡ್ಡಪ್ಪ ನೆಲ ನೋಡುತ್ತ "ಮಾದಿ" ಎಂದ. ಆಮೇಲೆ ಯಾರೂ ಆ ಮಗುವಿಗೆ ಬರೆ ಹಾಕಲಿಲ್ಲ. ಆದರೆ ಅವನು ಆ ದಿನವನ್ನು ಮರೆಯಲೂ ಇಲ್ಲ.

ಈಗ ನನ್ನ ಪಾಲಿನದಕ್ಕೆ ಬರುತ್ತೇನೆ.

ಮರುವರ್ಷ ಶಾಲೆಗಳ ಇನ್ಸ್‌ಪೆಕ್ಟರ್ ಬರುವರೆಂದು ತಿಳಿದಾಗ ದೊಡ್ಡ ಟೀಚರ್ ಮೊದಲೇ ಅವರಿಗೊಂದು ಪತ್ರ ಬರೆದರು. ಇಂಥ ಮಗು ಇದ್ದಾಳೆ, ಇವಳಿಗೆ ಹೀಗೆ ಹೀಗೆ ಏರ್ಪಾಡು ಮಾಡಿದ್ದೇನೆ, ನೋಡಿ ಒಪ್ಪಿಗೆ ಕೊಡಬೇಕು ಎಂದು. ನೋಟ್‌ಬುಕ್ ತೋರಿಸುವುದು ಅವರ ಎಣಿಕೆ. ನನಗೆ ಮಾತ್ರ ಒಂದೇ ಭಯ: ಸಾಹೇಬರು ಇವಳನ್ನು ನೋಡಿದರೆ ರಿಜಿಸ್ಟರಿನಿಂದ ಹೆಸರು ಹೊಡೆದು ಹಾಕುತ್ತಾರೆ. ದೊಡ್ಡ ಟೀಚರಿಗೆ ತಿಳಿಯದಂತೆ ಮಾದಿಯನ್ನು ಸಿದ್ಧಮಾಡಲು ಹೊರಟೆ.

ದಿನವೂ ಮಧ್ಯಾಹ್ನ ಶಾಲೆಯ ಹಿಂದಿನ ಸೈಪ್ರಸ್ ಮರದ ಬುಡದಲ್ಲಿ ತಾಲೀಮು. ಕೈಯಲ್ಲಿ ಕಡಲೆ ಮಿಠಾಯಿ. ನನ್ನ ಮುಖ ನೋಡಿದರೆ ಒಂದು ಚೂರು. ಕೈ ಮುಗಿದರೆ ಇನ್ನೊಂದು. "ವಣಕ್ಕಂ ಐಯಾ. ಎನ್ ಪೇರ್ ಮಾದಿ. ನಾನ್ ಇರಂಡಾಂ ವಗುಪ್ಪು." ನಮಸ್ಕಾರ, ಹೆಸರು, ಎರಡನೇ ಕ್ಲಾಸು, ಅಷ್ಟೇ. ಆಮೇಲೆ ನಗಬೇಕು. ಗಲ್ಲ ಹಿಡಿದು ಮುಖ ತಿರುಗಿಸುತ್ತಿದ್ದೆ. ಅವಳ ಕಣ್ಣು ಜಾರಿಹೋಗುತ್ತಿತ್ತು, ಮತ್ತೆ ತಿರುಗಿಸುತ್ತಿದ್ದೆ. ಕೈ ಬೀಸುತ್ತಿದ್ದಳು, ಬೆರಳುಗಳನ್ನು ಕೂಡಿಸಿ ಹಿಡಿಯುತ್ತಿದ್ದೆ. ಮೂಸಲು ಬಂದರೆ ಸೆರಗು ಕಿತ್ತುಕೊಳ್ಳುತ್ತಿದ್ದೆ. ಮೂರು ವಾರ. ನಾನು ಬೆತ್ತ ಮುಟ್ಟಲಿಲ್ಲ. ಹಾಗಾಗಿ ತಪ್ಪು ಮಾಡುತ್ತಿದ್ದೇನೆಂದು ನನಗೆ ಅನ್ನಿಸಲೇ ಇಲ್ಲ. ಅವಳು ಬೆವರಿ ಒದ್ದೆಯಾಗಿ, ಹಲ್ಲು ಕಚ್ಚಿ, ಎಲ್ಲವನ್ನೂ ಕಲಿತಳು.

ಇನ್ಸ್‌ಪೆಕ್ಟರ್ ಬಂದರು. ಶೂ ಒರೆಸಿಕೊಂಡು ಒಳಗೆ ಕಾಲಿಟ್ಟರು. ದೊಡ್ಡ ಟೀಚರ್ ನೋಟ್‌ಬುಕ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಮಾದಿ ತಾನಾಗಿ ಎದ್ದು ಅವರ ಮುಂದೆ ನಿಂತಳು. ಕೈ ಮುಗಿದಳು. ಅವರ ಮುಖವನ್ನೇ ದಿಟ್ಟಿಸಿ ನೋಡಿದಳು.

"ವಣಕ್ಕಂ ಐಯಾ. ಎನ್ ಪೇರ್ ಮಾದಿ. ನಾನ್ ಇರಂಡಾಂ ವಗುಪ್ಪು."

ನಕ್ಕಳು.

ನನ್ನ ಎದೆ ತುಂಬಿ ಬಂತು. ದೊಡ್ಡ ಟೀಚರ ಮುಖ ಬಿಳಿಚಿಕೊಂಡದ್ದನ್ನು ನಾನು ಆಗ ಲೆಕ್ಕಕ್ಕೆ ತಂದುಕೊಳ್ಳಲಿಲ್ಲ.

"ಇವಳೇನಾ ನೀವು ಬರೆದ ಹುಡುಗಿ?" ಇನ್ಸ್‌ಪೆಕ್ಟರ್ ನಕ್ಕರು. "ಏನಾಗಿದೆ ಇವಳಿಗೆ? ನಮ್ಮ ಮನೆ ಮಕ್ಕಳಿಗಿಂತ ಚೆನ್ನಾಗಿ ನಮಸ್ಕಾರ ಹೇಳ್ತಾಳೆ. ಮುದ್ದು ಜಾಸ್ತಿ ಮಾಡಿ ಹಾಳು ಮಾಡಿದ್ದೀರಿ, ಅಷ್ಟೇ."

"ಸರ್, ಈ ನೋಟ್‌ಬುಕ್ ಒಂದು ಸಲ ನೋಡಿ. ಇವತ್ತು ಏನಾಯಿತೋ ನನಗೂ ತಿಳೀತಾ ಇಲ್ಲ..."

ಅವರು ನೋಟ್‌ಬುಕ್ ತೆರೆಯಲೇ ಇಲ್ಲ. ಮಗುವಿನಲ್ಲಿ ದೋಷವಿಲ್ಲ, ಹಟವಿದೆ; ಮುಂದಿನ ಸಾಲಿನಲ್ಲಿ ಕೂರಿಸುವುದು, ಅಜ್ಜಿಯನ್ನು ಕ್ಲಾಸಿಗೆ ಬಿಡಕೂಡದು, ಇತರ ಮಕ್ಕಳಂತೆಯೇ ಶಿಸ್ತಿನಲ್ಲಿ ಇಡುವುದು ಎಂದು ಬರೆದು ಹೋದರು.

ಅವರ ಜೀಪು ತಿರುವು ದಾಟುವವರೆಗೂ ಮಾದಿ ಕೈ ಮುಗಿದೇ ನಿಂತಿದ್ದಳು. ಆಮೇಲೆ ಮೇಜಿನ ಕೆಳಗೆ ನುಗ್ಗಿ ತನ್ನ ಮುಂಗೈಯನ್ನು ತಾನೇ ಕಚ್ಚಿಕೊಂಡಳು. ರಕ್ತ ಬಂತು. ಬಿಡಿಸಲು ಹೋದ ಹೆತ್ತೆಯನ್ನು ಒದ್ದಳು. ಮಾದಿ ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಆಮೇಲಿನ ದಿನಗಳಲ್ಲಿ ಮಾತಿಲ್ಲ, ಊಟವಿಲ್ಲ, ಬಟ್ಟೆಯಲ್ಲೇ ಎಲ್ಲ.

ನಾನು ದೊಡ್ಡ ಟೀಚರಿಗೆ ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವರು ಬೈಯಲಿಲ್ಲ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಒಂದು ವರ್ಷ ನಾನು ಅವಳಿಗೆ ಒಂದೇ ಪಾಠ ಹೇಳಿದೆ. ನೀನು ಹೇಗೆ ಬಂದರೂ ಬಾ, ಇಲ್ಲಿ ಜಾಗ ಇದೆ ಅಂತ. ನೀನು ಮೂರು ವಾರದಲ್ಲಿ ಅದನ್ನ ಅಳಿಸಿದೆ. ನೀನು ನೀನಾಗಿ ಬಂದರೆ ಯಾರಿಗೂ ಬೇಡ, ಬೇರೆಯವಳ ವೇಷ ಹಾಕ್ಕೊಂಡು ಬಂದರೆ ಮಿಠಾಯಿ ಇದೆ, ಅಂತ ಕಲಿಸಿದೆ. ಎಂಥ ಜಾಣೆ ನೋಡು ಅವಳು, ಚೆನ್ನಾಗಿ ಕಲಿತಳು."

"ಅವಳಿಗೆ ಒಳ್ಳೇದಾಗಲಿ ಅಂತ ಟೀಚರ್..."

"ಬರೆ ಹಾಕಿದವನೂ ಅದನ್ನೇ ಹೇಳಿದ."

ಇನ್ಸ್‌ಪೆಕ್ಟರ ಬರಹವನ್ನು ಅವರು ಪಾಲಿಸಲಿಲ್ಲ. ಪಾಲಿಸುವುದಿಲ್ಲವೆಂದು ಕಾರಣ ಕೊಟ್ಟು ಮೂರು ಪುಟ ಬರೆದು ಕಳಿಸಿದರು. ದೊಡ್ಡಪ್ಪ ಕಾದಿದ್ದು ಇಂಥದ್ದಕ್ಕೇ. ಹೆಡ್‌ಮಿಸ್ಟ್ರೆಸ್ ಶಾಲೆಯನ್ನು ಹುಚ್ಚಾಸ್ಪತ್ರೆ ಮಾಡಿದ್ದಾರೆ, ಹಿರಿಯರನ್ನು ಅವಮಾನಿಸುತ್ತಾರೆ, ಮೇಲಿನವರ ಮಾತು ಕೇಳುವುದಿಲ್ಲ ಎಂದು ಅರ್ಜಿ ಹೋಯಿತು. ಸೌದೆಯವರು ಸಹಿ ಹಾಕಿದರು, ಮಗಳನ್ನು ಶಾಲೆ ಬಿಡಿಸಿದವನೂ ಹಾಕಿದ. ಅವರಿಂದ ಅಕ್ಷರ ಕಲಿತವರೇ ಆ ಅಕ್ಷರದಲ್ಲಿ ತಮ್ಮ ಹೆಸರು ಬರೆದರು. ಎರಡು ತಿಂಗಳಲ್ಲಿ ಚೇರಂಬಾಡಿಗೆ ವರ್ಗ. ಜಿಲ್ಲೆಯ ಇನ್ನೊಂದು ತುದಿ, ಕೇರಳದ ಗಡಿ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಹೊರಟ ದಿನ ಯಾರೂ ಬಾಗಿಲಿಗೆ ಬರಲಿಲ್ಲ. ಹೆತ್ತೆ ಮಾತ್ರ ಮಾದಿಯನ್ನು ಕರೆದುಕೊಂಡು ಸ್ಟೇಷನ್ನಿನವರೆಗೆ ಹೋದಳು.

ಹೊಸ ಹೆಡ್‌ಮಾಸ್ಟರ್ ಮೆದು ಮಾತಿನವರು, ಎಲ್ಲರಿಗೂ ಬೇಕಾದವರು. ಬೆತ್ತ ಮತ್ತೆ ಬಂತು. ಮಾದಿಯನ್ನು ಮುಂದಿನ ಸಾಲಿಗೆ ತಂದರು. ಯಾರು ಬಂದರೂ, ಊಟದ ಅಕ್ಕಿ ತಂದವನು ಬಂದರೂ, "ಮಾದಿ, ವಣಕ್ಕಂ ಹೇಳು." ಅವಳು ಎದ್ದು ಹೇಳುತ್ತಿದ್ದಳು. ಬಂದವರು ಭೇಷ್ ಎನ್ನುತ್ತಿದ್ದರು. "ಶಿಸ್ತು ಇದ್ದರೆ ಎಲ್ಲ ಸರಿಹೋಗುತ್ತೆ," ಎನ್ನುತ್ತಿದ್ದರು ಹೆಡ್‌ಮಾಸ್ಟರ್. ಮುಂಗೈಯ ಗಾಯ ಮಾಯಲೇ ಇಲ್ಲ. ಉದ್ದ ತೋಳಿನ ಅಂಗಿ ಹಾಕಿಸಿ ಮುಚ್ಚಿದರು.

ಒಂದು ದಿನ ಅವಳು ಏಳಲಿಲ್ಲ. ಎರಡು ಸಲ ಕರೆದರು. ಬೆತ್ತ ಎತ್ತಿದರು. ನಾನು ಅಲ್ಲೇ, ಹಲಗೆಯ ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದೆ. ಆರು ಏಟು ಬಿದ್ದವು. ಅವಳು ಪ್ರತಿ ಏಟಿಗೂ ಕೈ ಮುಗಿದು "ವಣಕ್ಕಂ ಐಯಾ" ಎನ್ನುತ್ತಿದ್ದಳು. ನಾನು ತಡೆಯಲಿಲ್ಲ. ಕೆಲಸ ಖಾಯಂ ಆಗಿರಲಿಲ್ಲ, ಮನೆಯಲ್ಲಿ ಅಪ್ಪನಿಗೆ ಕಾಯಿಲೆ ಎಂದೆಲ್ಲ ಕಾರಣ ಹೇಳಬಹುದು. ಹೇಳುವುದಿಲ್ಲ. ತಡೆಯಲಿಲ್ಲ, ಅಷ್ಟೇ.

ಮಾರನೆಯ ದಿನದಿಂದ ಹೆತ್ತೆ ಮಾದಿಯನ್ನು ಕಳಿಸಲಿಲ್ಲ.

ಶನಿವಾರ ಬೆಳಗಿನ ಬಸ್ಸು ಹಿಡಿದು ಗೂಡಲೂರಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಚೇರಂಬಾಡಿಗೆ ಹೋದೆ. ಘಟ್ಟದ ಪ್ರತಿ ತಿರುವಿಗೂ ವಾಂತಿ. ಎಸ್ಟೇಟ್ ಕೂಲಿಗಳ ಮಕ್ಕಳ ಶಾಲೆ, ಅದರ ಪಕ್ಕದಲ್ಲೇ ಒಂದು ಕೋಣೆ. ದೊಡ್ಡ ಟೀಚರ್ ಅಂಗಳದಲ್ಲಿ ಒಂದು ಮಗುವಿನ ತಲೆಯ ಹೇನು ತೆಗೆಯುತ್ತ ಕುಳಿತಿದ್ದರು. ನಾನು ಎಲ್ಲವನ್ನೂ ಹೇಳಿ ಅತ್ತೆ. ಅವರು ಹೇನು ತೆಗೆಯುವುದನ್ನು ನಿಲ್ಲಿಸಲಿಲ್ಲ.

"ಅಳೋದಕ್ಕೆ ಇಷ್ಟು ದೂರ ಬಂದೆಯಾ? ಕೆತ್ತಿಯಲ್ಲಿ ಜಾಗ ಇರಲಿಲ್ಲವಾ?"

"ನಾ ಏನು ಮಾಡಲಿ ಟೀಚರ್?"

"ಏಟು ಬೀಳುವಾಗ ಕೇಳಬೇಕಿತ್ತು ಅದನ್ನ!" ಈಗ ಅವರ ಹಳೆಯ ಗಂಟಲು ಬಂತು. ಪಕ್ಕದ ಕೂಲಿಗಳ ಲೈನ್ ಮನೆಯಿಂದ ಹೆಂಗಸರು ಇಣುಕಿದರು. "ನಾನು ಒಬ್ಬಳೇ ಬೈಕೊಂಡು ತಿರುಗ್ತಿದ್ದೆ. ನೀನು ಒಳ್ಳೆಯವಳಾಗೇ ಇದ್ದೆ. ನಿನ್ನಂಥ ಒಳ್ಳೆಯವರು ನಾಲ್ಕು ಜನ ಸಿಟ್ಟು ಮಾಡಿದ್ದರೆ ನಾನು ಇಲ್ಲಿ ಇರ್ತಿರಲಿಲ್ಲ, ಆ ಮಗು ಮನೇಲಿ ಇರ್ತಿರಲಿಲ್ಲ."

ಗಂಜಿ ಬಡಿಸಿದರು. ನಾನು ಉಣ್ಣುವವರೆಗೆ ಎದುರಿಗೇ ಕುಳಿತಿದ್ದು, ಆಮೇಲೆ ಹೇಳಿದರು: "ದಿನಾ ಸಂಜೆ ಅವಳ ಮನೆಗೆ ಹೋಗು. ಏನೂ ಕೇಳಬೇಡ, ಏನೂ ಕಲಿಸಬೇಡ. ಮುಖ ನೋಡು ಅನ್ನಬೇಡ. ಕೂತು ಬಾ. ಅವಳು ಬಂದಾಗ ಬರಲಿ. ಬರದೇ ಇದ್ದರೆ ಅದು ನಿನ್ನ ಸಂಪಾದನೆ. ಹೋಗು, ಬಸ್ಸಿಗೆ ಹೊತ್ತಾಯಿತು."

ಹೋದೆ. ಮೊದಲ ದಿನ ಮಾದಿ ನನ್ನನ್ನು ಕಂಡದ್ದೇ ಕೈ ಮುಗಿದು "ವಣಕ್ಕಂ" ಎಂದು ನಕ್ಕಳು. ಆ ನಗು ನನಗೆ ಆ ಆರು ಏಟಿಗಿಂತ ಜೋರಾಗಿ ಬಿತ್ತು. ಎರಡು ತಿಂಗಳು ಹಾಗೇ ನಡೆಯಿತು: ನಾನು ಹೋಗುವುದು, ಅವಳು ವಣಕ್ಕಂ ಹೇಳಿ ಒಳಕೋಣೆಗೆ ಓಡುವುದು. ನಾನು ಹೆತ್ತೆಯ ಒಲೆಯ ಪಕ್ಕ ಕುಳಿತು ಎದ್ದು ಬರುವುದು. ಮೂರನೆಯ ತಿಂಗಳು ಅವಳು ಓಡಲಿಲ್ಲ. ಆಮೇಲೊಂದು ದಿನ ವಣಕ್ಕಂ ಹೇಳಲಿಲ್ಲ. ನಾನು ಬಂದದ್ದನ್ನೇ ಗಮನಿಸದವಳಂತೆ ಹುರುಳಿ ಆರಿಸುತ್ತ ಕುಳಿತೇ ಇದ್ದಳು. ಹೆತ್ತೆ ನನ್ನ ಕಡೆ ನೋಡಿ "ಆತು, ಈಗ ಸರಿ ಆತು" ಎಂದಳು. ಯಾರೂ ನನ್ನನ್ನು ಗಮನಿಸದೇ ಇದ್ದುದಕ್ಕೆ ನಾನು ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ.

ಒಮ್ಮೆ ದೊಡ್ಡಪ್ಪ ಅಂಗಳದಲ್ಲಿ ನಿಂತು, ಮಗನಿಗೆ ಹೆಣ್ಣು ಕೊಡುವವರು ಬರುತ್ತಿದ್ದಾರೆ, ಇವಳು ಬಂದು ವಣಕ್ಕಂ ಹೇಳಲಿ, ಇಲ್ಲವೇ ದನದ ಕೊಟ್ಟಿಗೆಯಲ್ಲಿ ಇರಲಿ ಎಂದ. ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ. ನನ್ನ ಬಾಯಿಂದ ಬಂದದ್ದು ಶುದ್ಧ ಗುಂಡ್ಲುಪೇಟೆ. ಅದರಲ್ಲಿ ಅರ್ಧವನ್ನು ಅಚ್ಚು ಹಾಕಲು ಬಾರದು. ಅವನಿಗೆ ಅರ್ಥವಾಗಲು ಭಾಷೆಯೇನೂ ಅಡ್ಡಬರಲಿಲ್ಲ. ಬೀಗರು ಬಂದರು, ಮಾದಿ ತನ್ನ ಜಾಗದಲ್ಲೇ ಇದ್ದಳು, ಮದುವೆಯೂ ಆಯಿತು. ಇದನ್ನು ಬರೆದು ಚೇರಂಬಾಡಿಗೆ ಕಾಗದ ಹಾಕಿದೆ. ಉತ್ತರವಾಗಿ ಒಂದು ಕಾರ್ಡು ಬಂತು: 'ತಿಳಿಯಿತು. ಮುಂದಿನ ಸಲ ಇಷ್ಟು ತಡ ಮಾಡಬೇಡ.'

ಅವರು ಕೆತ್ತಿಗೆ ಮತ್ತೆ ಬರಲಿಲ್ಲ. ಯಾರೂ ಕರೆಯಲಿಲ್ಲ. ನಿವೃತ್ತರಾದ ಮೇಲೂ ಆ ಒಂದು ಕೋಣೆಯಲ್ಲೇ ಇದ್ದು, ಕೂಲಿಗಳ ಮಕ್ಕಳಿಗೆ ಪಾಠ ಹೇಳುತ್ತ, ಎಸ್ಟೇಟಿನವರ ಮೇಲೆ ಅರ್ಜಿ ಬರೆಯುತ್ತ, ಎದೆನೋವಿನಲ್ಲಿ ಹೋದರು. ಸುದ್ದಿ ತಲುಪಿ ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಸುತ್ತ ನಿಂತಿದ್ದ ಕೂಲಿ ಹೆಂಗಸರಿಗೆ ನಾನು ಯಾರೆಂದು ತಿಳಿಯದು, ನನಗೆ ಅವರು ಯಾರೆಂದು ತಿಳಿಯದು. ಒಟ್ಟಿಗೆ ಅತ್ತೆವು.

ಹಿಂತಿರುಗಿದ ಮಾರನೆಯ ದಿನ ಮಾದಿಯನ್ನು ನೋಡಲು ಹೋದೆ. ಹೆತ್ತೆ ತೀರಿಕೊಂಡು ನಾಲ್ಕು ವರ್ಷವಾಗಿದೆ. ಮಾದಿಗೆ ಈಗ ಇಪ್ಪತ್ತೆರಡು. ಮನೆಯವರ ತೋಟದಲ್ಲಿ ಎಲೆ ಕೀಳುತ್ತಾಳೆ, ಸಾಲಿನ ಕೊ‌ನೆಯಲ್ಲಿ, ಯಾರ ಜೊತೆಗೂ ಸೇರದೆ. ನಾನು ಅವಳ ಪಕ್ಕದ ಗಿಡದ ಬಳಿ ನಿಂತು, ಅವಳು ನೋಡುತ್ತಿದ್ದ ಕಡೆಗೇ ನೋಡುತ್ತ, "ದೊಡ್ಡ ಟೀಚರ್ ತೀರಿಕೊಂಡರು, ಮಾದಿ" ಎಂದೆ.

ಅವಳು ತಿರುಗಲಿಲ್ಲ. ಎಲೆ ಕೀಳುತ್ತಲೇ ಇದ್ದಳು.

ದೊಡ್ಡಪ್ಪನ ಸೊಸೆ ಆಚೆ ಸಾಲಿನಿಂದ ನಕ್ಕಳು. "ಅದಕ್ಕೇನು ತಿಳೀತದೆ ಟೀಚರಮ್ಮ? ಗಿಡಕ್ಕೆ ಹೇಳಿದ ಹಾಗೆ."

"ಅದು ಅಲ್ಲ, ಮಾದಿ," ಎಂದೆ. ನನ್ನ ದನಿ ಆಚೆ ಗುಡ್ಡಕ್ಕೆ ಕೇಳಿಸಿರಬೇಕು.

ವಾರದ ಮೇಲೆ ಅದೇ ಸೊಸೆ ಸಂತೆಯಲ್ಲಿ ಸಿಕ್ಕಳು. ನಾನು ತೋಟಕ್ಕೆ ಬಂದು ಹೇಳಿಹೋದ ಸಂಜೆಯಿಂದ ಮಾದಿ ಊಟ ಮುಟ್ಟಲಿಲ್ಲವಂತೆ. ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳಂತೆ. ಮನೆಯವರು ಹೊಟ್ಟೆನೋವಿರಬೇಕೆಂದು ಬಾಯಿ ಒತ್ತಿ ತೆರೆಸಿ ಕಷಾಯ ಕುಡಿಸಿದರಂತೆ.